ಚೂರಿ ಹಿಡಿದ ಕೈ, ತುತ್ತು ಎತ್ತುವ ಕೈ

ಭಾನುವಾರದ ಬಲಿಪೂಜೆ ಮುಗಿದ ಮೇಲೆ ನಮ್ಮಲ್ಲಿ ಅನೇಕರ ದಾರಿ ದೇವಾಲಯದ ಅಂಗಳದಿಂದ ನೇರವಾಗಿ ಮಾಂಸದ ಅಂಗಡಿಗೆ ಸಾಗುತ್ತದೆ. ಅಲ್ಲಿ ಸರದಿಗಾಗಿ ಕಾಯುವಾಗ ನಮ್ಮ ಕಣ್ಣು ಎಲ್ಲಿರುತ್ತದೆಂಬುದನ್ನು ಒಮ್ಮೆ ನೆನಪಿಸಿಕೊಳ್ಳಿ. ಕೊಕ್ಕೆಗೆ ತೂಗುಹಾಕಿದ ಕುರಿಯ ಕಡೆ ನಾವು ನೋಡುವುದಿಲ್ಲ. ತಕ್ಕಡಿಯ ಕಡೆ ನೋಡುತ್ತೇವೆ, ಇಲ್ಲವೇ ರಸ್ತೆಯ ಕಡೆ. ಮಕ್ಕಳು ಜೊತೆಗಿದ್ದರೆ ಅವರನ್ನು ಸ್ವಲ್ಪ ದೂರ ನಿಲ್ಲಿಸುತ್ತೇವೆ. ಚೀಲದಲ್ಲಿ ಕಟ್ಟಿಸಿಕೊಂಡು ಮನೆಗೆ ತಂದ ಮೇಲೆ ಅದು ಸಾರು, ಚಾಪ್ಸು, ಬಿರಿಯಾನಿ ಎಂಬ ಬೇರೆ ಹೆಸರುಗಳನ್ನು ಪಡೆಯುತ್ತದೆ. ಊಟಕ್ಕೆ ಮುಂಚೆ ಶಿಲುಬೆಯ ಗುರುತು ಮಾಡಿ ದೇವರಿಗೆ ವಂದನೆ ಸಲ್ಲಿಸುತ್ತೇವೆ. ಆಗ ಕುರಿಯ ನೆನಪು ಬರುವುದಿಲ್ಲ. ಅದನ್ನು ಕೊಯ್ದವನ ನೆನಪಂತೂ ಬರುವುದೇ ಇಲ್ಲ.

ಮಾಂಸ ತಿನ್ನಬೇಕೋ ಬಾರದೋ ಎಂಬ ಚರ್ಚೆಗೆ ನಾನು ನಿಮ್ಮನ್ನು ಕರೆಯುತ್ತಿಲ್ಲ. ಅದಕ್ಕೆ ಬೇರೆ ಸಂದರ್ಭಗಳಿವೆ, ನನಗಿಂತ ಬಲ್ಲವರಿದ್ದಾರೆ. ನನ್ನ ಪ್ರಶ್ನೆ ಚಿಕ್ಕದು. ಒಂದು ಜೀವ ನಮ್ಮ ಊಟಕ್ಕಾಗಿ ಪ್ರಾಣ ಬಿಟ್ಟಿದ್ದರೆ ಆ ಜೀವಕ್ಕೂ, ಅದನ್ನು ನಮಗಾಗಿ ಕೊಂದು ಸುಲಿದವನಿಗೂ ನಾವು ತೀರಿಸಬೇಕಾದ ಋಣ ಏನಾದರೂ ಇದೆಯೇ? ಅರವತ್ತು ವರ್ಷ ದಾಟುವವರೆಗೆ ಈ ಪ್ರಶ್ನೆ ನನ್ನನ್ನು ಕಾಡಿರಲಿಲ್ಲ. ಅದು ಎದುರಾದದ್ದು ದೂರದ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಒಂದು ಕಾಡಂಚಿನಲ್ಲಿ, ಸತ್ತ ಜಿಂಕೆಯೊಂದರ ಪಕ್ಕದಲ್ಲಿ ನಿಂತಾಗ.

ಹಿಮದ ಮೇಲೆ ಮೊಣಕಾಲೂರಿದವರು

ಮಗಳ ಮನೆಯಲ್ಲಿ ಕೆಲವು ತಿಂಗಳು ಇರಲೆಂದು ಹೋಗಿದ್ದೆ. ನವೆಂಬರ್ ತಿಂಗಳು. ಆ ರಾಜ್ಯದಲ್ಲಿ ಬಂದೂಕಿನಿಂದ ಜಿಂಕೆ ಬೇಟೆಯಾಡುವ ಮುಖ್ಯ ಋತು ಒಂಬತ್ತೇ ದಿನ. ನವೆಂಬರಿನ ನಾಲ್ಕನೆಯ ಗುರುವಾರ ಬರುವ ಕೃತಜ್ಞತಾ ದಿನದ ಹಿಂದಿನ ಶನಿವಾರ ಅದು ಆರಂಭವಾಗುತ್ತದೆ. ಬೇಟೆಗಾರ ಪರವಾನಗಿ ಪಡೆದಿರಬೇಕು, ದೂರದಿಂದಲೇ ಕಣ್ಣಿಗೆ ಹೊಡೆಯುವ ಬಣ್ಣದ ಉಡುಪು ತೊಟ್ಟಿರಬೇಕು, ಕೆಡವಿದ ಜಿಂಕೆಯನ್ನು ಮರುದಿನ ಸಂಜೆ 5 ಗಂಟೆಯೊಳಗೆ ಸರ್ಕಾರದಲ್ಲಿ ನೋಂದಾಯಿಸಬೇಕು. ಮಗಳ ನೆರೆಮನೆಯ ಹಿರಿಯರೊಬ್ಬರು, ನಿವೃತ್ತ ಶಿಕ್ಷಕರು, ಅದೇ ಧರ್ಮಕೇಂದ್ರಕ್ಕೆ ಸೇರಿದವರು. ನನ್ನ ಕುತೂಹಲವನ್ನು ಕಂಡು, "ಗುಂಡು ಹಾರಿಸುವಾಗ ನೀವು ಬರುವುದು ಬೇಡ, ಆಮೇಲಿನ ಕೆಲಸಕ್ಕೆ ಬನ್ನಿ. ನಿಜವಾದ ಕೆಲಸ ಇರುವುದು ಅಲ್ಲೇ" ಎಂದರು. "ಅಪ್ಪಾ, ನಿಮಗೆ ನೋಡಲಾಗುವುದಿಲ್ಲ" ಎಂದಳು ಮಗಳು. ಆದರೂ ಹೋದೆ.

ಅವರು ಬೆಳಿಗ್ಗೆಯೇ ಒಂದು ಹೆಣ್ಣು ಜಿಂಕೆಗೆ ಗುಂಡು ಹಾರಿಸಿದ್ದರು. ಅದು ಬಿಳಿಬಾಲದ ಜಿಂಕೆ, ಆ ಸೀಮೆಯ ಸಾಮಾನ್ಯ ಜಾತಿ. ಗುಂಡು ತಗುಲಿದ ಕೂಡಲೇ ಅವರು ಅದರ ಹಿಂದೆ ಓಡಿರಲಿಲ್ಲ. ಅರ್ಧ ಗಂಟೆ ಕಾದಿದ್ದರು. ಗಾಯಗೊಂಡ ಪ್ರಾಣಿಯನ್ನು ಬೆನ್ನಟ್ಟಿದರೆ ಅದು ಭಯದಿಂದ ಎದ್ದು ಮತ್ತಷ್ಟು ದೂರ ಓಡಿ ನರಳುತ್ತದೆ. ಬಿಟ್ಟರೆ ಮಲಗಿದಲ್ಲೇ ಶಾಂತವಾಗಿ ಪ್ರಾಣ ಬಿಡುತ್ತದೆ. ನಾನು ಬಂದ ಮೇಲೆ ಇಬ್ಬರೂ ಹಿಮದ ಮೇಲಿನ ರಕ್ತದ ಹನಿಗಳ ಜಾಡು ಹಿಡಿದು ಸಾಗಿದೆವು. ಜಿಂಕೆ ಸಿಕ್ಕಾಗ ಅವರು ಹಿಂಬದಿಯಿಂದ ಹತ್ತಿರ ಹೋಗಿ ಉದ್ದನೆಯ ಕಡ್ಡಿಯಿಂದ ಅದರ ಕಣ್ಣನ್ನು ಮೆಲ್ಲಗೆ ಮುಟ್ಟಿದರು. ರೆಪ್ಪೆ ಮಿಟುಕಲಿಲ್ಲ. ಆಗ ಬಂದೂಕನ್ನು ಖಾಲಿ ಮಾಡಿ ಮರಕ್ಕೆ ಒರಗಿಸಿ, ಟೊಪ್ಪಿಗೆ ತೆಗೆದು, ಹಿಮದ ಮೇಲೆ ಮೊಣಕಾಲೂರಿದರು. ಕೆಲವು ಕ್ಷಣ ಏನೂ ಮಾತಾಡಲಿಲ್ಲ.

ಅನಂತರ ಕೈಗವಸು ತೊಟ್ಟು ಕೆಲಸಕ್ಕೆ ಇಳಿದರು. ಸತ್ತ ಪ್ರಾಣಿಯ ಮಾಂಸಕ್ಕೆ ಮೊದಲ ಶತ್ರು ಅದರದೇ ಮೈಶಾಖ. ಒಡಲಿನೊಳಗಿನ ಬಿಸಿ ಬೇಗ ಇಳಿಯದಿದ್ದರೆ ಸೂಕ್ಷ್ಮಾಣುಗಳು ಹೆಚ್ಚಿ ಮಾಂಸ ಕೆಡುತ್ತದೆ. ಆದ್ದರಿಂದ ಒಡಲನ್ನು ಕಾಡಿನಲ್ಲೇ, ತಡಮಾಡದೆ ಬರಿದು ಮಾಡಬೇಕು. ಅವರು ಜಿಂಕೆಯನ್ನು ಅಂಗಾತ ಮಲಗಿಸಿ, ಚಿಕ್ಕ ಚೂರಿಯ ಅಲಗನ್ನು ಮೇಲ್ಮುಖವಾಗಿ ಹಿಡಿದು, ಎರಡು ಬೆರಳುಗಳಿಂದ ಚರ್ಮವನ್ನು ಎತ್ತಿಕೊಂಡು, ಹೊಟ್ಟೆಯ ಉದ್ದಕ್ಕೂ ಎದೆಮೂಳೆಯವರೆಗೆ ತೆಳುವಾಗಿ ಸೀಳಿದರು. ಚೂರಿ ಒಂದಿಷ್ಟು ಆಳಕ್ಕೆ ಇಳಿದರೂ ಜಠರವೋ ಕರುಳೋ ಹರಿದು ಒಳಗಿನದೆಲ್ಲ ಮಾಂಸಕ್ಕೆ ತಗಲುತ್ತದೆ; ಮೂತ್ರಕೋಶ ಒಡೆದರೂ ಹಾಗೆಯೇ. ಗುದದ ಸುತ್ತ ಕೊಯ್ದು ಬಿಡಿಸಿ ದಾರದಿಂದ ಬಿಗಿದರು. ಬಳಿಕ ಎದೆಗೂ ಹೊಟ್ಟೆಗೂ ನಡುವಿನ ವಪೆಯನ್ನು ಕತ್ತರಿಸಿ, ಮೊಣಕೈವರೆಗೆ ಕೈಯನ್ನು ಎದೆಗೂಡಿನೊಳಗೆ ತೂರಿಸಿ, ಕಾಣದ ಜಾಗದಲ್ಲಿ ತಡಕಿ ಶ್ವಾಸನಾಳವನ್ನು ಕೊಯ್ದು ಎಳೆದರು. ಒಳಗಿನ ಅಂಗಾಂಗಗಳೆಲ್ಲ ಒಟ್ಟಿಗೆ ಹೊರಬಂದವು. ಚಳಿಗೆ ಅವುಗಳಿಂದ ಹಬೆ ಏಳುತ್ತಿತ್ತು. ಈ ಜಾತಿಯ ಜಿಂಕೆಗೆ ಪಿತ್ತಕೋಶವೇ ಇಲ್ಲವೆಂಬುದನ್ನು ನಾನು ಅಂದು ತಿಳಿದೆ. ಗುಂಡಿಗೆಯನ್ನೂ ಪಿತ್ತಜನಕಾಂಗವನ್ನೂ ಬೇರೆಯಾಗಿ ತೆಗೆದಿಟ್ಟರು. ಜಿಂಕೆಯನ್ನು ಬೋರಲು ಹಾಕಿ ಉಳಿದ ರಕ್ತವನ್ನು ಹರಿಯಗೊಟ್ಟರು.

ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಹಿಂಗಾಲುಗಳನ್ನು ಮೇಲೆ ಮಾಡಿ ತೂಗುಹಾಕಿ ಚರ್ಮ ಸುಲಿದರು. ಮೈ ಇನ್ನೂ ಬೆಚ್ಚಗಿರುವಾಗ ಚರ್ಮ ಸುಲಭವಾಗಿ ಬಿಡುತ್ತದೆ. ಹಿಂಗಾಲಿನ ಗಂಟಿನ ಸುತ್ತ ಕೊಯ್ದ ಮೇಲೆ ಚೂರಿಯನ್ನು ಬಹುಮಟ್ಟಿಗೆ ಬದಿಗಿಟ್ಟು, ಮುಷ್ಟಿಯನ್ನು ಚರ್ಮಕ್ಕೂ ಮಾಂಸಕ್ಕೂ ನಡುವೆ ಒತ್ತುತ್ತಾ ಕೆಳಕ್ಕೆ ಎಳೆದರು. ಅವಸರಪಟ್ಟರೆ ಚರ್ಮ ತೂತಾಗುತ್ತದೆ, ರೋಮ ಮಾಂಸಕ್ಕೆ ಅಂಟುತ್ತದೆ. ಸುಲಿದ ಚರ್ಮಕ್ಕೆ ಉಪ್ಪು ಹಚ್ಚಿ ಮಡಚಿಟ್ಟರು. ತಲೆಯನ್ನು ಪರೀಕ್ಷೆಗೆ ಕಳುಹಿಸಲು ಪ್ರತ್ಯೇಕಿಸಿದರು. ಜಿಂಕೆಗಳನ್ನು ಕ್ಷೀಣಿಸಿ ಕೊಲ್ಲುವ ಒಂದು ಮಿದುಳಿನ ರೋಗ 1967ರಲ್ಲಿ ಕೊಲರಾಡೋದಲ್ಲಿ ಗೋಚರಿಸಿ 2002ರಲ್ಲಿ ವಿಸ್ಕಾನ್ಸಿನ್ನಿಗೂ ಬಂದಿದೆ. ಅದು ಮನುಷ್ಯರಿಗೆ ತಗುಲಿದ ಉದಾಹರಣೆ ಈವರೆಗೆ ಕಂಡುಬಂದಿಲ್ಲ. ಆದರೂ ರೋಗವಿರುವ ಪ್ರಾಣಿಯ ಮಾಂಸವನ್ನು ತಿನ್ನಬಾರದೆಂಬುದು ಆರೋಗ್ಯ ತಜ್ಞರ ಸಲಹೆ. ಫಲಿತಾಂಶ ಬರುವವರೆಗೆ ಈ ಮಾಂಸವನ್ನು ಯಾರಿಗೂ ಕೊಡುವುದಿಲ್ಲ ಎಂದರು ಹಿರಿಯರು.

ಆರಂಭದಲ್ಲಿ ನನಗೆ ಹೊಟ್ಟೆ ತೊಳಸಿತ್ತೆಂಬುದು ನಿಜ. ಆದರೆ ಸ್ವಲ್ಪ ಹೊತ್ತಿನಲ್ಲಿ ಅಸಹ್ಯ ಅಳಿದು ಬೇರೊಂದು ಭಾವ ಮೂಡಿತು. ಅದನ್ನು ಗೌರವ ಎನ್ನಬಹುದೇನೋ. ಆ ಮನುಷ್ಯ ತಾನು ಮಾಡಿದ್ದನ್ನು ಕಣ್ಣು ತಪ್ಪಿಸದೆ ನೋಡುತ್ತಿದ್ದರು.

ಮುಟ್ಟಿ ನೋಡಿದಷ್ಟರಿಂದ ಕೈ ಶುದ್ಧವಾಗುವುದೇ?

ಕೊಂದ ಪ್ರಾಣಿಯನ್ನು ಸುಮ್ಮನೆ ಬಿಡಬಾರದೆಂಬ ಅಳುಕು ಅನೇಕ ಜನಾಂಗಗಳಲ್ಲಿದೆ. ಅದೇ ವಿಸ್ಕಾನ್ಸಿನ್ ಸೀಮೆಯ ಮೂಲನಿವಾಸಿಗಳಾದ ಒಜಿಬ್ವೆ ಜನರು ಕೃತಜ್ಞತೆಯ ಕುರುಹಾಗಿ ನೆಲದ ಮೇಲೆ ಹೊಗೆಸೊಪ್ಪನ್ನು ಇಡುತ್ತಾರೆ. ಜರ್ಮನಿಯ ಬೇಟೆಗಾರರು ಸತ್ತ ಜಿಂಕೆಯ ಬಾಯಿಯಲ್ಲಿ ಒಂದು ಹಸಿರು ಚಿಗುರನ್ನು ಇಡುತ್ತಾರೆ. ಅದನ್ನು ಕೊನೆಯ ತುತ್ತು ಎನ್ನುತ್ತಾರೆ. ಪವಿತ್ರ ಗ್ರಂಥದ ಯಾಜಕಕಾಂಡವು (17:13) ತಿನ್ನಬಹುದಾದ ಪ್ರಾಣಿಯನ್ನು ಬೇಟೆಯಾಡಿದವನು ಅದರ ರಕ್ತವನ್ನು ನೆಲಕ್ಕೆ ಸುರಿದು ಮಣ್ಣಿನಿಂದ ಮುಚ್ಚಬೇಕೆಂದು ವಿಧಿಸುತ್ತದೆ. ರಕ್ತವೇ ಜೀವ, ಜೀವವು ದೇವರದು. ಮಾಂಸ ನಿನಗೆ ದೊರೆತಿದೆ, ಆದರೆ ಆ ಜೀವದ ಒಡೆಯನು ನೀನಲ್ಲ ಎಂಬುದು ಆ ಹಿಡಿ ಮಣ್ಣಿನ ಅರ್ಥ.

ಆದರೆ ಪ್ರಿಯ ಓದುಗರೇ, ಇಲ್ಲಿ ನಾವು ನಮ್ಮನ್ನೇ ಮೋಸಗೊಳಿಸಿಕೊಳ್ಳಬಾರದು. ಬಾಯಿಯಲ್ಲಿಟ್ಟ ಚಿಗುರಿನಿಂದ ಜಿಂಕೆಗೆ ಯಾವ ಪ್ರಯೋಜನವೂ ಇಲ್ಲ. ಟೊಪ್ಪಿಗೆ ತೆಗೆದವನ ಗುಂಡು ತೆಗೆಯದವನ ಗುಂಡಿಗಿಂತ ಮೃದುವಲ್ಲ. ಆಚರಣೆಯು ಮನಸ್ಸನ್ನು ಎಚ್ಚರಿಸಬಹುದು, ಹಾಗೆಯೇ ಮನಸ್ಸಾಕ್ಷಿಗೆ ಹೊದಿಸುವ ಕಂಬಳಿಯೂ ಆಗಬಹುದು. ಸಂತ ಹ್ಯೂಬರ್ಟರ ಕಥೆಯನ್ನೇ ನೋಡಿ. ಕ್ರಿಸ್ತಶಕ 727ರಲ್ಲಿ ಮರಣ ಹೊಂದಿದ ಈ ಧರ್ಮಾಧ್ಯಕ್ಷರು ಯೌವನದಲ್ಲಿ ಶುಭ ಶುಕ್ರವಾರದಂದೂ ಬೇಟೆಗೆ ಹೋಗಿದ್ದರೆಂದೂ, ಆಗ ಜಿಂಕೆಯ ಕೊಂಬುಗಳ ನಡುವೆ ಶಿಲುಬೆಯನ್ನು ಕಂಡು ಮನಪರಿವರ್ತನೆ ಹೊಂದಿದರೆಂದೂ ಐತಿಹ್ಯವಿದೆ. ಮೊದಲು ಇನ್ನೊಬ್ಬ ಸಂತರ ಬಗ್ಗೆ ಹೇಳುತ್ತಿದ್ದ ಈ ಕಥೆ ಶತಮಾನಗಳ ಬಳಿಕ ಇವರ ಹೆಸರಿಗೆ ಸೇರಿತು. ಬೇಟೆಯ ಹುಚ್ಚನ್ನು ತೊರೆದವರ ಕಥೆ ಅದು. ಆದರೂ ಬೇಟೆಗಾರರೇ ಅವರನ್ನು ತಮ್ಮ ಪಾಲಕ ಸಂತರನ್ನಾಗಿ ಮಾಡಿಕೊಂಡರು! ಧರ್ಮಸಭೆಯು 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆಯಲ್ಲಿ ಯಾಜಕವರ್ಗಕ್ಕೆ ಬೇಟೆಯನ್ನು ನಿಷೇಧಿಸಿತು. 1992ರ ಧರ್ಮೋಪದೇಶ ಗ್ರಂಥವು ಆಹಾರಕ್ಕೂ ಉಡುಪಿಗೂ ಪ್ರಾಣಿಗಳನ್ನು ಬಳಸಬಹುದೆನ್ನುತ್ತದೆ; ಅದರ ಬೆನ್ನಲ್ಲೇ, ಅಗತ್ಯವಿಲ್ಲದೆ ಅವುಗಳನ್ನು ನರಳಿಸುವುದೂ ಕೊಲ್ಲುವುದೂ ಮನುಷ್ಯನ ಘನತೆಗೇ ವಿರುದ್ಧವೆಂದು ಎಚ್ಚರಿಸುತ್ತದೆ.

ಅಗತ್ಯ ಎಂದರೇನು? ಆ ದೇಶದಲ್ಲಿ ಉತ್ತರ ಸುಲಭವಲ್ಲ. 1900ರ ಸುಮಾರಿಗೆ ವ್ಯಾಪಾರಕ್ಕಾಗಿ ನಡೆದ ಮಿತಿಮೀರಿದ ಬೇಟೆಯಿಂದ ಅಮೆರಿಕದ ಬಿಳಿಬಾಲದ ಜಿಂಕೆಗಳು ಸುಮಾರು 5 ಲಕ್ಷಕ್ಕೆ ಇಳಿದಿದ್ದವೆಂದು ಅಂದಾಜು. ಕಾನೂನುಗಳು ಬಂದವು, ಕಾಡುಪ್ರಾಣಿಯ ಮಾಂಸದ ಮಾರಾಟ ನಿಂತಿತು. ಇಂದು ಅವುಗಳ ಸಂಖ್ಯೆ ಸುಮಾರು 3 ಕೋಟಿ. ಅವುಗಳನ್ನು ಹತೋಟಿಯಲ್ಲಿಡುತ್ತಿದ್ದ ತೋಳಗಳನ್ನು ಮನುಷ್ಯನೇ ಬಹುತೇಕ ಕಡೆ ನಿರ್ನಾಮ ಮಾಡಿದ್ದ. ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಆಲ್ಡೊ ಲಿಯೊಪೋಲ್ಡ್ 1949ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಇದನ್ನು ಪಶ್ಚಾತ್ತಾಪದಿಂದ ಬರೆದಿದ್ದಾರೆ. ಯೌವನದಲ್ಲಿ ತೋಳವೊಂದನ್ನು ಕೊಂದು, ಅದರ ಕಣ್ಣಿನ ಬೆಳಕು ಆರುವುದನ್ನು ಕಂಡ ಮೇಲೆ, ತೋಳವಿಲ್ಲದ ಬೆಟ್ಟವನ್ನು ಜಿಂಕೆಗಳೇ ಮೇಯ್ದು ಬೋಳಾಗಿಸುತ್ತವೆಂದು ಅವರು ಅರಿತರು. ತೋಳದ ಕೆಲಸವನ್ನು ಈಗ ಮನುಷ್ಯನೇ ಮಾಡಬೇಕಾಗಿದೆ ಎಂಬುದು ಅಲ್ಲಿನವರ ವಾದ. ಅದರಲ್ಲಿ ಸತ್ಯವಿದೆ. ಆದರೆ ನಾವೇ ಕೆಡಿಸಿದ ತಕ್ಕಡಿಯನ್ನು ನಾವೇ ತೂಗಿಸುವಾಗ ಹೆಮ್ಮೆಪಡುವಂಥದ್ದೇನಿದೆ?

ನೆರೆಮನೆಯ ಹಿರಿಯರನ್ನು ನೇರವಾಗಿಯೇ ಕೇಳಿದೆ: "ಇದರಲ್ಲಿ ನಿಮಗೆ ಸಂತೋಷವಿದೆಯೇ?" ಅವರು ಚೂರಿ ಒರೆಸುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಕಾಡಿನಲ್ಲಿ ಕಾಯುವುದರಲ್ಲಿ ಸಂತೋಷವಿದೆ, ಸುಳ್ಳು ಹೇಳಲಾರೆ. ಬಿದ್ದ ಮೇಲೆ ಪ್ರತಿ ವರ್ಷವೂ ಮನಸ್ಸು ಕುಗ್ಗುತ್ತದೆ. ಕುಗ್ಗುವುದು ನಿಂತ ವರ್ಷ ಬಂದೂಕನ್ನು ಮಾರಿಬಿಡುತ್ತೇನೆ" ಎಂದರು. ಆಮೇಲೆ ತಾವಾಗಿಯೇ ಇನ್ನೊಂದು ವಿಷಯ ಹೇಳಿದರು. ಬಹಳ ವರ್ಷಗಳ ಹಿಂದೆ, ಕತ್ತಲಾಗುವ ಹೊತ್ತಿನಲ್ಲಿ, ಗುರಿ ಸರಿಯಿಲ್ಲವೆಂದು ತಿಳಿದಿದ್ದರೂ ಗುಂಡು ಹಾರಿಸಿದ್ದರಂತೆ. ಗಾಯಗೊಂಡ ಜಿಂಕೆ ಓಡಿಹೋಯಿತು. ಎರಡು ದಿನ ಹುಡುಕಿದರೂ ಸಿಗಲಿಲ್ಲ. "ನನ್ನನ್ನು ಯಾರೂ ನೋಡಿರಲಿಲ್ಲ. ಯಾರಿಗೂ ಹೇಳಬೇಕಾಗಿರಲಿಲ್ಲ. ಆದರೆ ಅದು ಎಲ್ಲೋ ಬಿದ್ದು ಎಷ್ಟು ಹೊತ್ತು ಒದ್ದಾಡಿತೋ ಎಂಬುದು ಇಂದಿಗೂ ರಾತ್ರಿ ನೆನಪಾಗುತ್ತದೆ" ಎಂದರು. ಬೇಟೆಗಾರನಿಗೆ ಮೆಚ್ಚುವ, ಖಂಡಿಸುವ ಪ್ರೇಕ್ಷಕರಿಲ್ಲ, ಅವನಿಗೆ ಅವನ ಮನಸ್ಸಾಕ್ಷಿಯೇ ಸಾಕ್ಷಿ ಎಂಬರ್ಥದ ಮಾತನ್ನು ಲಿಯೊಪೋಲ್ಡರೂ ಬರೆದಿದ್ದಾರೆ. ಕೈಯಾರೆ ಕೊಂದವನಿಗೆ ಕನಿಷ್ಠ ನೆನಪಾದರೂ ಇದೆ. ನಾನು ಜೀವನವಿಡೀ ತಿಂದ ನೂರಾರು ಜೀವಗಳಲ್ಲಿ ಒಂದರ ನೆನಪೂ ನನಗಿಲ್ಲ.

ಮಾರಲಾಗದ ಮಾಂಸ

ಇನ್ನೊಂದು ಸಂಗತಿ ನನ್ನ ಮನಸ್ಸನ್ನು ತಟ್ಟಿತು. ಆ ದೇಶದಲ್ಲಿ ಬೇಟೆಯಾಡಿದ ಕಾಡುಜಿಂಕೆಯ ಮಾಂಸವನ್ನು ಮಾರುವಂತಿಲ್ಲ. ತಿನ್ನಬಹುದು, ಕೊಡಬಹುದು, ಅಷ್ಟೇ. ತಿನ್ನಬಹುದಾದ ಮಾಂಸವನ್ನು ಕಾಡಿನಲ್ಲೇ ಬಿಟ್ಟು ಕೊಳೆಸುವುದು ಅನೇಕ ರಾಜ್ಯಗಳಲ್ಲಿ ಅಪರಾಧ. ವಿಸ್ಕಾನ್ಸಿನ್ನಿನಲ್ಲಿ 2000ನೇ ಇಸವಿಯಿಂದ ಒಂದು ಏರ್ಪಾಡಿದೆ. ಬೇಟೆಗಾರ ಒಡಲು ಶುಚಿಗೊಳಿಸಿದ ಇಡೀ ಜಿಂಕೆಯನ್ನು ಗೊತ್ತಾದ ಮಾಂಸದಂಗಡಿಗೆ ಒಪ್ಪಿಸಿದರೆ, ಅದನ್ನು ಕೊಯ್ದು ಬಡವರ ಆಹಾರ ಕೇಂದ್ರಗಳಿಗೆ ಕಳುಹಿಸುತ್ತಾರೆ. "ಇನ್ನೊಂದು ಸಿಕ್ಕರೆ ಅದು ಅಲ್ಲಿಗೇ" ಎಂದರು ಹಿರಿಯರು. ಆದರೆ ದಾನವೂ ಎಚ್ಚರವಿಲ್ಲದೆ ಶುದ್ಧವಾಗದು. 2008ರಲ್ಲಿ ಉತ್ತರ ಡಕೋಟ ರಾಜ್ಯದಲ್ಲಿ ದಾನವಾಗಿ ಬಂದ ಜಿಂಕೆಯ ಕೊಚ್ಚಿದ ಮಾಂಸದಲ್ಲಿ ಗುಂಡಿನ ಸೀಸದ ಚೂರುಗಳು ಕಂಡುಬಂದು, ಅದನ್ನು ಹಂಚಬಾರದೆಂದು ಆರೋಗ್ಯ ಇಲಾಖೆ ಹೇಳಬೇಕಾಯಿತು. ಕೊಡುವ ಕೈ ಏನು ಕೊಡುತ್ತಿದ್ದೇನೆಂದು ನೋಡಿಕೊಳ್ಳಲೇಬೇಕು.

ನಮ್ಮ ನಾಡಿನ ಮಾತು ಬೇರೆ. ಮಲೆನಾಡಿನ ನಮ್ಮ ಅಜ್ಜನ ಕಾಲದಲ್ಲಿ ಕೋವಿ ಹೊತ್ತು ಕಾಡಿಗೆ ಹೋಗುವುದು, ತಂದದ್ದನ್ನು ಕೇರಿಗೆಲ್ಲ ಪಾಲು ಹಂಚುವುದು ಸಾಮಾನ್ಯವಾಗಿತ್ತು. ಆ ಕಥೆಗಳನ್ನು ಕೇಳಿ ಬೆಳೆದವನು ನಾನು. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಮತ್ತು ಅದಕ್ಕೆ 1991ರಲ್ಲಿ ಆದ ತಿದ್ದುಪಡಿ ಆ ಕಾಲಕ್ಕೆ ತೆರೆ ಎಳೆದವು. ಅದು ಸರಿಯೇ ಆಯಿತು. ನಮ್ಮ ಕಾಡುಗಳು ಕಿರಿದಾಗಿವೆ, ಅಲ್ಲಿನ ಚುಕ್ಕೆಜಿಂಕೆ, ಕಡವೆಗಳು ಹುಲಿ ಚಿರತೆಗಳ ಪಾಲು. ಕದ್ದು ತಂದ ಕಾಡುಮಾಂಸವನ್ನು ಹಬ್ಬಕ್ಕೆಂದು ಯಾರಾದರೂ ತಂದುಕೊಟ್ಟರೆ ಬೇಡವೆನ್ನುವುದು ನಮ್ಮ ಕರ್ತವ್ಯ.

ಯೊಪ್ಪದ ಒಂದು ಮನೆ

ಹಾಗಾದರೆ ಆ ಹಿಮದ ಮುಂಜಾನೆಯಿಂದ ನಾನು ತಂದದ್ದೇನು? ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಓದು ಬಲ್ಲ, ಊರಿನಲ್ಲಿ ಗೌರವವುಳ್ಳ ಒಬ್ಬ ನಿವೃತ್ತ ಶಿಕ್ಷಕ ಮೊಣಕೈವರೆಗೆ ರಕ್ತ ಮಾಡಿಕೊಂಡು ಚರ್ಮ ಸುಲಿಯುತ್ತಿದ್ದುದನ್ನು ನೋಡುವಾಗ ನನಗೆ ನಮ್ಮ ಮನೆಯ ಹಿತ್ತಿಲು ನೆನಪಾಯಿತು. ನಾನು ಹುಡುಗನಾಗಿದ್ದಾಗ ಕೊಟ್ಟಿಗೆಯಲ್ಲಿ ದನ ಸತ್ತರೆ ಅದನ್ನು ಹೊತ್ತೊಯ್ದು ಚರ್ಮ ಸುಲಿಯಲು ಒಬ್ಬರು ಬರುತ್ತಿದ್ದರು. ನನ್ನ ತಂದೆಯ ವಯಸ್ಸಿನವರು. ನಾವು ಮಕ್ಕಳು ಅವರನ್ನು ಏಕವಚನದಲ್ಲಿ ಕರೆಯುತ್ತಿದ್ದೆವು. ಅವರಿಗೆ ನೀರು ಕೊಡಲು ಹಿತ್ತಿಲ ಗೋಡೆಯ ಮೇಲೆ ಒಂದು ತೆಂಗಿನ ಚಿಪ್ಪು ಬೇರೆಯಾಗಿಯೇ ಇರುತ್ತಿತ್ತು. ಪ್ರತಿ ಭಾನುವಾರ ಬಲಿಪೂಜೆಗೆ ಹೋಗುತ್ತಿದ್ದ, ಸಂಜೆ ಜಪಸರ ಹೇಳುತ್ತಿದ್ದ ಕ್ರೈಸ್ತರ ಮನೆ ನಮ್ಮದು. ಆ ಚಿಪ್ಪನ್ನು ಯಾರೂ ಪ್ರಶ್ನಿಸಲಿಲ್ಲ, ನಾನೂ ಪ್ರಶ್ನಿಸಲಿಲ್ಲ. ಅವರು ಸುಲಿದ ಚರ್ಮದಿಂದಾದ ಚಪ್ಪಲಿಯನ್ನು ಮೆಟ್ಟಿಕೊಂಡೇ ನಾವು ದೇವಾಲಯಕ್ಕೆ ಹೋಗುತ್ತಿದ್ದೆವು.

ನಮ್ಮ ದೇಶದಲ್ಲಿ ನಾವು ಮಾಡಿದ ದೊಡ್ಡ ಜಾಣತನವಿದು. ಸಾವಿನ ಕೆಲಸವನ್ನು ಒಂದು ಗುಂಪಿನ ಜನರ ತಲೆಗೆ ಕಟ್ಟಿ, ಅದರ ಫಲವನ್ನು ನಾವು ಇಟ್ಟುಕೊಂಡು, ಕಳಂಕವನ್ನು ಅವರಿಗೆ ಬಿಟ್ಟೆವು. ಮಾಂಸ ರುಚಿ, ಕೊಯ್ಯುವವನು ಕ್ರೂರಿ. ಪಾದರಕ್ಷೆ ಬೇಕು, ಚರ್ಮ ಹದಮಾಡುವವನು ಬೇಡ. ಕೊಲ್ಲುವುದು ಪಾಪವಾದರೆ ಅದರಲ್ಲಿ ತಿನ್ನುವ ನನಗೂ ಪಾಲಿದೆ. ಪಾಪವಲ್ಲದಿದ್ದರೆ ಆ ಕೆಲಸ ಮಾಡುವವನನ್ನು ಕೀಳಾಗಿ ಕಾಣಲು ಕಾರಣವೇ ಇಲ್ಲ. ಮೂರನೆಯ ದಾರಿಯೊಂದು ಇದೆಯೆಂದು ನಂಬಿಯೇ ನಾವು ಇಷ್ಟು ಕಾಲ ಬದುಕಿದ್ದೇವೆ.

ಪ್ರೇಷಿತರ ಕಾರ್ಯಕಲಾಪಗಳಲ್ಲಿ ನಾವು ಓದಿ ಮುಂದೆ ಸಾಗಿಬಿಡುವ ಒಂದು ಸಣ್ಣ ವಾಕ್ಯವಿದೆ (9:43). ಸಂತ ಪೇತ್ರರು ಯೊಪ್ಪ ಪಟ್ಟಣದಲ್ಲಿ ಬಹಳ ದಿನ ಚರ್ಮಗಾರ ಸಿಮೋನನ ಮನೆಯಲ್ಲಿ ತಂಗಿದ್ದರು. ಸತ್ತ ಪ್ರಾಣಿಗಳ ತೊಗಲನ್ನು ಮುಟ್ಟುವ ಆ ಕಸುಬನ್ನು ಅಂದಿನ ಯೆಹೂದ್ಯ ಸಮಾಜ ಹೀನವೆಂದೇ ಎಣಿಸುತ್ತಿತ್ತು. ಯಾವುದೂ ಯಾರೂ ಹೊಲೆಯಲ್ಲ ಎಂಬುದನ್ನು ಪೇತ್ರರಿಗೆ ತೋರಿಸಿದ ದರ್ಶನ ಉಂಟಾದದ್ದು ದೇವಾಲಯದಲ್ಲಲ್ಲ, ಅದೇ ಚರ್ಮಗಾರನ ಮನೆಯ ಮಾಳಿಗೆಯ ಮೇಲೆ. ತೊಗಲಿನ ವಾಸನೆಯ ನಡುವೆ ಊಟಮಾಡಿ ಮಲಗಿದ ಮೇಲೆಯೇ ಅವರು ಕೊರ್ನೇಲಿಯನ ಮನೆಯ ಹೊಸ್ತಿಲು ದಾಟಲು ಸಿದ್ಧರಾದರು ಎಂದು ನನಗೆ ತೋರುತ್ತದೆ.

ಪ್ರಿಯ ಓದುಗರೇ, ನೀವು ಮಾಂಸ ತಿನ್ನುವವರಾದರೆ ಮುಂದಿನ ಭಾನುವಾರ ಅಂಗಡಿಯಲ್ಲಿ ಒಂದು ಕ್ಷಣ ಕೊಕ್ಕೆಯ ಕಡೆಗೆ ನೋಡಿ. ಬೇಕಾದಷ್ಟನ್ನೇ ಕೊಳ್ಳಿ, ಒಂದು ಜೀವದಿಂದ ಬಂದದ್ದನ್ನು ತಿಪ್ಪೆಗೆ ಎಸೆಯಬೇಡಿ. ಕೊಯ್ದು ಕೊಡುವವರ ಹೆಸರು ಕೇಳಿ, ಅವರ ಮನೆಮಕ್ಕಳ ಕ್ಷೇಮ ವಿಚಾರಿಸಿ. ಮಕ್ಕಳು ಪ್ರಶ್ನೆ ಕೇಳಿದರೆ ಸುಳ್ಳು ಹೇಳಬೇಡಿ. ಉಂಡ ಮೇಲೆ ಮನಸ್ಸು ಒಪ್ಪದೆ ಮಾಂಸವನ್ನೇ ಬಿಡಬೇಕೆನಿಸಿದರೆ ಅದೂ ಗೌರವಕ್ಕೆ ಅರ್ಹವಾದ ದಾರಿಯೇ.

ಊರಿಗೆ ಮರಳಿದ ಮೇಲೆ ನಾನು ಆ ಚರ್ಮ ಸುಲಿಯುತ್ತಿದ್ದವರನ್ನು ವಿಚಾರಿಸಿದೆ. ಅವರು ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಅವರ ಮಗ ಸಿಕ್ಕರು, ಸರ್ಕಾರಿ ನೌಕರಿಯಲ್ಲಿದ್ದಾರೆ. ಅವರ ಮನೆಗೆ ಹೋದೆ. ಹೇಳಬೇಕೆಂದುಕೊಂಡ ಮಾತು ಗಂಟಲಲ್ಲೇ ಉಳಿಯಿತು. ಅವರ ಪತ್ನಿ ಸ್ಟೀಲಿನ ಲೋಟದಲ್ಲಿ ನೀರು ತಂದು ಕೊಟ್ಟರು. ಎರಡೂ ಕೈಗಳಿಂದ ತೆಗೆದುಕೊಂಡು ಕುಡಿದೆ.